ಗೆದ್ದವಳಿಗೆ ಹೂವು

ತಾಳವಾಡಿ ಬಸ್‌ಸ್ಟ್ಯಾಂಡಿನ ನನ್ನ ಅಂಗಡಿಗೆ
ಮೂರು ಭಾಷೆಯ ಬೋರ್ಡು, ಮೂರರಲ್ಲೂ ಕಾಗುಣಿತ ತಪ್ಪು.
ಸತ್ಯಮಂಗಲದ ಮಲ್ಲಿಗೆ ಮೊದಲ ಬಸ್ಸಿಗೆ
ಇಪ್ಪತ್ತೇಳು ತಿರುವು ಹತ್ತಿ ಬರುತ್ತದೆ
ಕಂಡಕ್ಟರ್ ಚೆನ್ನಿಯಪ್ಪನ್ ಕಾಲ ಬುಡದಲ್ಲಿ,
ಒದ್ದೆ ಗೋಣಿಯೊಳಗೆ, ಕಣ್ಣು ಮುಚ್ಚಿಕೊಂಡು.

ಮೊಗ್ಗನ್ನೇ ಕಳಿಸಬೇಕು. ನಮ್ಮವ್ವ ಕಲಿಸಿದ್ದು ಇದೊಂದೇ.
ಇಲ್ಲೇ ಅರಳಿಬಿಟ್ಟದ್ದು ಅಲ್ಲಿಗೆ ಸೇರಿದ್ದಲ್ಲ.
ಸಂಜೆ ಏಳಕ್ಕೆ ಆರತಕ್ಷತೆಯಾದರೆ
ಗಿಡದಿಂದ ಬಿಡಿಸುವ ಹೊತ್ತಿಗೆ ಹಿಂದಕ್ಕೆ ಲೆಕ್ಕ ಹಾಕು;
ದಿಂಬಂನಲ್ಲಿ ಆನೆ ಅಡ್ಡ ನಿಂತರೆ
ಅದರದೂ ಒಂದು ಗಂಟೆ ಸೇರಿಸು.

ಸೀಮಂತಕ್ಕೆ ಮಲ್ಲಿಗೆ ದಿಂಡು, ನಡುನಡುವೆ ಮರುಗ.
ಹೆಣಕ್ಕೆ ಚೆಂಡುಹೂವು; ಆಗ ತಕ್ಕಡಿ ನೋಡಬಾರದು.
ಮೇಷ್ಟರ ನಿವೃತ್ತಿಗೆ ಸುಗಂಧರಾಜ, ಶಾಲು ಅವರವರೇ ತರಬೇಕು.
ಪ್ರೇಮದವರು ಹತ್ತು ಗುಲಾಬಿಗೆ ಬೆಲೆ ಕೇಳಿ
ಒಂದು ಕೊಳ್ಳುತ್ತಾರೆ, ಹೆಸರು ಬರೆಯಬೇಡಿ ಅನ್ನುತ್ತಾರೆ.
ಹೆಸರಿಲ್ಲದ ಹೂವು ಯಾರದೆಂದು ಊರಿಗೆಲ್ಲ ಗೊತ್ತು.

ಹೀಗೆ ಎಲ್ಲ ಬಲ್ಲವಳು ಎಂದುಕೊಂಡಿದ್ದೆ.
ಮತ ಎಣಿಸಿದ ಮಾರನೆಯ ಬೆಳಿಗ್ಗೆ
ಇಗ್ಗಲೂರಿನ ಕೆಂಪನಂಜಪ್ಪ ಬಂದು ನಿಂತರು.
ಹನ್ನೊಂದು ಓಟಿನಲ್ಲಿ ಸೋತವರು,
ತಮ್ಮನ ಹೆಂಡತಿ ದುಂಡಮ್ಮನ ಎದುರು.
ಬಾವಿಯ ಪಾಲಿಗೆ ಎರಡು ಮನೆಗೂ
ಒಂಬತ್ತು ವರ್ಷದಿಂದ ಮಾತಿಲ್ಲ, ಬೆಂಕಿ ಕೇಳುವುದಿಲ್ಲ.
"ಗೆದ್ದೋಳಿಗೆ ಹೂವ ಕಳಿಸ್ಬೇಕು. ಯಾವ್ದು ಕೊಟ್ಟೀಯೆ?"

ನಲವತ್ತು ವರ್ಷದ ಅಂಗಡಿ.
ಇಂಥದ್ದನ್ನು ಯಾರೂ ಕೇಳಿರಲಿಲ್ಲ.

ಹಾರವೆಂದರೆ ಕೊರಳಿಗೆ ಹಾಕುವವರು ಯಾರು?
ಭಾವ ಹಾಕುವಂತಿಲ್ಲ. ದೊಡ್ಡದಾದರೆ ಅಣಕ,
ಚಿಕ್ಕದಾದರೆ ಹೊಟ್ಟೆಯುರಿ.
ಗುಲಾಬಿಯಾದರೆ ಟೀ ಅಂಗಡಿಗೆ ಒಂದು ವಾರದ ಮೇವು.
ಚೆಂಡುಹೂವು ನಾನೇ ಬೇಡವೆಂದೆ,
ಮೊನ್ನೆ ತಾನೇ ಅದೇ ಬೀದಿಗೆ ಬೇರೆ ಕಾರಣಕ್ಕೆ ಹೋಗಿತ್ತು.
ಸೇವಂತಿಗೆ ಹಳದಿಯೋ ಬಿಳಿಯೋ ಅನ್ನುವಷ್ಟರಲ್ಲಿ
ತರಿಸಿದ ಟೀ ಕೆನೆಗಟ್ಟಿತು.
"ಕನಕಾಂಬರ?" ಅಂದೆ.
"ವಾಸನೆ ಇಲ್ಲ. ಮನಸಿಲ್ದೆ ಕೊಟ್ಟಂಗಾಯ್ತದೆ."

ಆಗ ತಲೆಯೆತ್ತಿ ನೋಡಿದೆ.
ಅಂಗಿಯ ಜೇಬಿನಲ್ಲಿ ಇನ್ನೂ ಪ್ರಚಾರದ ಚೀಟಿ,
ಕೈಮುಗಿದ ಅವರದೇ ಮುಖ,
ಬೆವರಿಗೆ ಬಣ್ಣ ಬಿಟ್ಟು ಬಟ್ಟೆಗೆ ಹತ್ತಿತ್ತು.

ಕಡೆಗೆ ಮಲ್ಲಿಗೆಯ ಗೋಣಿಗೆ ತಾವೇ ಕೈಯಿಟ್ಟರು.
ತೊಟ್ಟು ಕಂದಿದ್ದನ್ನು ತೆಗೆದು, ಬಾಯಿ ಬಿಟ್ಟಿದ್ದನ್ನು ತೆಗೆದು,
ಒಂದೊಂದೇ ಮೊಗ್ಗು. ಚಾಮರಾಜನಗರದ ಬಸ್ಸು ಹೋಯಿತು,
ಇನ್ನೊಂದು ಬಂತು. ನಾನು ನಾರು ತೆಗೆದೆ.
"ಕಟ್ಟಬ್ಯಾಡ. ಬಿಡಿಯಾಗೇ ಇರ್ಲಿ.
ಮುಡ್ಕಂಡಾಳೊ, ದೇವ್ರಿಗೆ ಮಡಗಾಳೊ,
ತಿಪ್ಪೆಗೆ ಎಸೆದಾಳೊ, ಅವಳಿಷ್ಟ.
ಗೆದ್ದೋಳು ಅವಳು."

ಬಾಳೆಲೆಯ ಮೇಲೆ ಕಾಲು ಸೇರು ಮೊಗ್ಗು, ಒಂದು ಚಿಮುಕು ನೀರು.
ಹೆಸರು ಬರೀಲಾ, ಅಂದೆ.
ರಸ್ತೆಯ ಕಡೆ ನೋಡುತ್ತ ಬಹಳ ಹೊತ್ತು ನಿಂತರು.
"ಬರಿ. ತಪ್ಪಿಲ್ದಂಗೆ ಬರಿ."
ದುಡ್ಡು ಆಮೇಲೆ ಅಂದರು.
ಎಲೆಕ್ಷನ್ನಿಗೆ ನಿಂತು ಸೋತವರ ಹತ್ತಿರ ನಾನೂ ಒತ್ತಾಯಿಸಲಿಲ್ಲ.

ಸೈಕಲ್ಲಿನಲ್ಲಿ ಒಯ್ದ ಜಡೆಯ ಬಂದು ಹೇಳಿದ್ದಿಷ್ಟು:
ಬುಟ್ಟಿ ಜಗುಲಿಯ ಮೇಲಿಟ್ಟಳು,
ಚೀಟಿಯನ್ನು ಎರಡು ಸಲ ಓದಿದಳು,
ಒಳಗೆ ಹೋದಳು. ಬಾಗಿಲು ಹಾಕಲಿಲ್ಲ.

ನಾಲ್ಕನೆಯ ದಿನ ಬುಟ್ಟಿ ವಾಪಸು ಬಂತು.
ನಮ್ಮ ಕಡೆ ಬರಿದು ಬುಟ್ಟಿ ತಿರುಗಿಸುವುದಿಲ್ಲ, ಹಗೆಗೂ.
ಅದರ ತುಂಬ ಹುರುಳಿ. ಬಾವಿಯಾಚೆಯ ಹೊಲದ್ದೆಂದು
ಕೆಂಪು ನೋಡಿಯೇ ಹೇಳಬಹುದು.

"ಏನಾರ ಅಂದ್ಳಂತಾ?"
"ಏನೂ ಇಲ್ಲ."

ಕಾಳಿನೊಳಗೆ ಮಣಿಕಟ್ಟಿನ ತನಕ ಕೈ ಇಳಿಸಿ
ತಳದಿಂದ ಒಂದು ಹಿಡಿ ಮೇಲೆತ್ತಿ
ಬಿಸಿಲಿಗೆ ಹಿಡಿದು ನೋಡಿದರು ಕೆಂಪನಂಜಪ್ಪ.
"ಕಲ್ಲು ಆರಿಸಿ ಕಳಿಸವ್ಳೆ," ಅಂದರು.