ಗುಂಯ್

ಆಡುವ ಯಂತ್ರ ಮೇಜಿನ ಕೆಳಗೆ,
ಆಡಿದ್ದನ್ನು ಊರಿಗೆ ಸಾರುವ ಯಂತ್ರ ಕಿಟಕಿಯ ಬಳಿ.
ಚಿತ್ರ ಒಂದೇ ಕೇಬಲ್ಲಿನಲ್ಲಿ ಹಾಯಾಗಿ ದಾಟಿತು.
ಸದ್ದು ಮಾತ್ರ ಹೊಸ್ತಿಲಲ್ಲೇ ನಿಂತುಬಿಟ್ಟಿತು,
ಕೈಹಿಡಿದು ಕರೆಯದೆ ಒಳಗೆ ಬಾರದ ಬೀಗತಿಯ ಹಾಗೆ.

ವುಚ್ ಪಟ್ಟಣ, ಬವುತಿ ಬಡಾವಣೆ,
ನಾಲ್ಕನೆಯ ಮಹಡಿ, ಫೆಬ್ರುವರಿ.
ಈ ಊರಿನ ಹೆಸರಿಗೆ ದೋಣಿ ಎಂದರ್ಥ.
ನದಿಯೆಲ್ಲಿ ಎಂದರೆ ಕಾಲ ಕೆಳಗೆ ತೋರಿಸುತ್ತಾರೆ,
ಗಿರಣಿಗಳ ಕಾಲದಲ್ಲಿ ಕೊಳವೆಗೆ ಹಾಕಿ ಮುಚ್ಚಿದ್ದು.
ನನ್ನ ಮೇಜಿನ ಕೆಳಗೂ ಏನೇನೋ ಹರಿಯುತ್ತದೆ,
ಕಾಲಿಗೆ ತೊಡರಿದಾಗ ಗೊತ್ತಾಗುತ್ತದೆ.

ಹಳೆಯ ಮಿಕ್ಸರು ಕೊಂಡೆ, ಮದುವೆಮನೆಗಳ ಬ್ಯಾಂಡಿನವರು ಮಾರಿದ್ದು.
ಐದು ನಾಬು, ಒಂದಕ್ಕೆ ಟೊಪ್ಪಿಗೆಯಿಲ್ಲ.
ಮೊದಲನೆಯದು ಆಟದ ಗುಂಡು, ಗಾಳಿ, ಕುದುರೆ.
ಎರಡನೆಯದು ನನ್ನ ಗಂಟಲು.
ಮೂರನೆಯದು ಒಲ್ಗ್ಯೆರ್ಡ್,
ದೂರದ ಗ್ದಿನ್ಯಾದಲ್ಲಿ ಕುಳಿತು ಜೊತೆಗೆ ಆಡುವವನು.
ನಾಲ್ಕನೆಯದು, ನೋಡುವವರು ಕಾಸು ಎಸೆದರೆ
ಟಣ್ ಎನ್ನುವ ಗಂಟೆ. ಯಾರೂ ಎಸೆದಿರಲಿಲ್ಲ;
ನಾನೇ ಎಸೆದು ಪರೀಕ್ಷಿಸಿದೆ.
ಐದನೆಯದು ಬರಿದು.

ಕಷ್ಟ ನಾಬಿನದಲ್ಲ,
ಯಾರಿಗೆ ಯಾವುದು ಕೇಳಬೇಕು ಎಂಬುದರದು.
ಆಟ ಎಲ್ಲರಿಗೂ. ನನ್ನ ದನಿ ನನಗೆ ಬೇಡ.
ಒಲ್ಗ್ಯೆರ್ಡನಿಗೆ ನಾನು ಬೇಕು, ಅವನೇ ಬೇಡ:
ತನ್ನ ಮಾತು ಒಂದು ಗುಟುಕು ತಡವಾಗಿ ತನಗೇ ಮರಳಿದರೆ
ಎಂಥ ವಾಚಾಳಿಯೂ ತೊದಲುತ್ತಾನೆ.
ಮೊದಲ ರಾತ್ರಿ ಆದದ್ದೂ ಅದೇ.
"ಕಯೆತಾನ್, ಇಲ್ಲಿ ಇನ್ನೊಬ್ಬ ಕತ್ತೆ ಮಾತಾಡುತ್ತಿದ್ದಾನೆ"
ಎಂದ. ಆ ಕತ್ತೆಯೂ ಹಾಗೆಯೇ ಎಂದಿತು.

ಅದನ್ನು ಕಳೆದೆ. ಆಗ ಕೇಳಿಸಿತು, ಅಡಿಯಲ್ಲಿ ಅಡಗಿದ್ದದ್ದು.
ಗುಂಯ್.
ಆಟ ನಿಲ್ಲಿಸಿದರೂ ಗುಂಯ್. ಮೈಕು ಕಿತ್ತರೂ ಗುಂಯ್.
ಎರಡು ಯಂತ್ರ, ಗೋಡೆಯಲ್ಲಿ ಎರಡು ಪ್ಲಗ್ಗು,
ನೆಲಕ್ಕೆ ಇಳಿಯಲು ಎರಡು ದಾರಿ;
ಒಂದೇ ಅಡುಗೆಮನೆಯ ಓರಗಿತ್ತಿಯರು
ಪಾತ್ರೆ ಕುಕ್ಕಿ ಆಡಿಕೊಳ್ಳುವ ಮುನಿಸು.
ಕೇಬಲ್ ಬದಲಿಸಿದೆ. ಹೀಟರು ಆರಿಸಿ ಕಂಬಳಿ ಹೊದ್ದೆ.
ರಾತ್ರಿ ಎರಡಕ್ಕೆ ರೋಸಿಹೋಗಿ ಹೆಡ್‌ಫೋನ್ ಕಿತ್ತು
ಸ್ಪೀಕರಿಗೇ ಬಿಟ್ಟೆ, ಪೂರ್ತಿ.

ಬಾಗಿಲಲ್ಲಿ ಅಜ್ಜಿ ಗೆನೊವೆಫಾ, ಬರಿಗಾಲಲ್ಲಿ.
ಬೈಯಲಿಕ್ಕೆ ಬಂದವಳಲ್ಲ.
ಇಪ್ಪತ್ತೆಂಟು ವರ್ಷ ಗಿರಣಿಯ ಶೆಡ್ಡಿನಲ್ಲಿ
ಹಾಸುಹೊಕ್ಕಿನ ಜೊತೆ ಕಿವಿಯನ್ನೂ ನೇಯ್ದುಕೊಟ್ಟವಳು.
ಬಾಗಿಲ ಗಂಟೆ ಕೇಳದು, ಕೆಟಲಿನ ಸಿಳ್ಳೆ ಕೇಳದು,
ನಮ್ಮ ಮಾತು ತುಟಿ ನೋಡಿ ಅರ್ಧ, ಊಹಿಸಿ ಅರ್ಧ.
ಸ್ಪೀಕರಿನ ಮೇಲೆ ಅಂಗೈ ಇಟ್ಟಳು.
"ಇದು ನನಗೆ ಕೇಳುತ್ತೆ.
ಊಟದ ಹೊತ್ತಿಗೆ ಮಗ್ಗ ನಿಲ್ಲಿಸಿ
ಮೋಟಾರು ಮಾತ್ರ ಬಿಟ್ಟಿರುತ್ತಿದ್ದರು, ಥೇಟ್ ಹೀಗೇ.
ಆಗಷ್ಟೇ ನಾವು ಕಿರುಚದೆ ಮಾತಾಡುತ್ತಿದ್ದದ್ದು."

ತುಟಿ ಅಗಲಿಸಿ ಹೇಳಿದೆ: ಅದು ದೋಷ ಅಜ್ಜಿ, ತೆಗೀತೀನಿ.
"ತೆಗಿ" ಎಂದಳು.
ಕೈ ತೆಗೆಯಲಿಲ್ಲ.

ಗುರುವಾರ ಅಂಚೆಯಲ್ಲಿ ಬಂತು, ಬೆಂಕಿಪೆಟ್ಟಿಗೆಯಷ್ಟು ಡಬ್ಬಿ.
ಒಳಗೆ ಎರಡು ತಂತಿಸುರುಳಿ, ಒಂದನ್ನೊಂದು ಮುಟ್ಟುವುದಿಲ್ಲ.
ಇದು ಮಿಡಿದರೆ ಅದಕ್ಕೆ ತಿಳಿಯುತ್ತದೆ, ಅಷ್ಟೇ.
ಸದ್ದು ದಾಟಿತು, ಮುನಿಸು ಆಚೆಯೇ ಉಳಿಯಿತು.
ಹೆಡ್‌ಫೋನಿನ ಒಳಗೆ ಹಿಮ ಬಿದ್ದು ನಿಂತ ಬೀದಿ.

ಶನಿವಾರ ಮೊದಲ ಪ್ರಸಾರ. ಹನ್ನೊಂದು ಜನ.
"ಸದ್ದು ಸ್ಫಟಿಕ" ಎಂದು ಒಬ್ಬ ಬರೆದ.
ಗಂಟೆ ಒಮ್ಮೆ ಟಣ್ ಎಂದಿತು: ಒಲ್ಗ್ಯೆರ್ಡನ ತಂಗಿ.

ಡಬ್ಬಿ ಸಿಕ್ಕಿಸುವ ಮುಂಚೆ
ಗುಂಯ್ ಅನ್ನು ನಾಲ್ಕು ನಿಮಿಷ ಮುದ್ರಿಸಿಟ್ಟಿದ್ದೆ.
ಟೊಪ್ಪಿಗೆಯಿಲ್ಲದ ಐದನೆಯ ನಾಬು ಈಗ ಅದರದು.
ಪ್ರಸಾರಕ್ಕಿಲ್ಲ, ಒಲ್ಗ್ಯೆರ್ಡನಿಗಿಲ್ಲ, ನನಗೂ ಇಲ್ಲ;
ಒಂದೇ ತಂತಿ, ಗೋಡೆಯಂಚು ಹಿಡಿದು ಅಡುಗೆಮನೆಗೆ.
ಅಲ್ಲಿ ಬೆಂಚಿನಡಿಯ ಸ್ಪೀಕರಿನ ಮೇಲೆ ಪಾದವಿಟ್ಟು
ಅಜ್ಜಿ ಆಲೂಗಡ್ಡೆ ಸುಲಿಯುತ್ತಾಳೆ.

ನೀರಿಗೆಂದು ಎದ್ದವನು ಕಂಡೆ:
ಸಣ್ಣ ದನಿಯಲ್ಲಿ ಯಾರಿಗೋ ಏನೋ ಹೇಳಿ
ನಗುತ್ತಿದ್ದಳು.
ಯಾರಿಗೆ ಎಂದು ಕೇಳಲಿಲ್ಲ.
ಮೈಕು ಆರಿಸಿದ್ದೇನೆಯೇ ಎಂದು ಮಾತ್ರ
ಹಿಂದಿರುಗಿ ನೋಡಿಕೊಂಡೆ.