ಸಾಂಬ್ರಾದಾಗ ಪಂಗ್ತಿ

ಎರಡು ರೂಪಾಯಿ ಕಟ್ ಆಕ್ಕಾವ್ರಿ, ಅಂತೀನಿ.
ಕಾರ್ಡು ತಿಕ್ಕಿ, ಚೀಟಿ ಹರದು, ನಗತೀನಿ.
ಒಳಗ ಇಪ್ಪತ್ತೆಂಟು ಕುರ್ಚಿ.
ಈಗ ಹೊಕ್ಕವರು ಅರವತ್ತೊಂದನೇದವರು.

ಆಷಾಢದ ಜಿಟಿಜಿಟಿ, ರನ್‌ವೇ ಮ್ಯಾಲೆ ಬೋರಲ ಬಿದ್ದ ಮೋಡ.
ಹೈದರಾಬಾದಿಂದು ತಡ, ಬೆಂಗಳೂರಿಂದು ಅಲ್ಲೇ ಇನ್ನೂ ಎದ್ದಿಲ್ಲ,
ಮುಂಬೈದು ಬಂದು, ಮ್ಯಾಲಿಂದ ಮ್ಯಾಲೆ ಎರಡು ಸುತ್ತು ಹಾಕಿ
ನೆಲಾ ಕಾಣದ ಹೊಳ್ಳಿ ಹೋತು.
ಮೂರು ವಿಮಾನದ ಮಂದಿ
ಒಂದ ಉಪ್ಪಿಟ್ಟಿನ ಡಬರಿ ಸುತ್ತ.

ಉದ್ಯಮಬಾಗದ ಹುಂಡೇಕಾರ್ ಸಾಹೇಬರು ಒಂದು ಕುರ್ಚಿ,
ಪಂಪಿನ ಎರಕದ ಸ್ಯಾಂಪಲ್ ತುಂಬಿದ ಅವರ ಬ್ಯಾಗು ಒಂದು ಕುರ್ಚಿ,
ಮಡಚಿದ ಕೋಟು ಒಂದು ಕುರ್ಚಿ.
ಕ್ಯಾಂಪಿನ ಸಿಪಾಯಿ ಒಬ್ಬಾಂವ ಗ್ವಾಡಿಗೆ ಆನಿಸಿ
ನಿಂತಲ್ಲೇ ನಿದ್ದಿ ಮಾಡತಾನ, ಕೈಯಾಗ ಕುಂದಾದ ಡಬ್ಬಿ.

ದೂರಿನ ಪುಸ್ತಕ ಕೇಳತಾರ. ಕೊಡತೀನಿ.
ನಾಕು ವರ್ಷದಾಗ ಇದು ಏಳನೇದು.
ಕೈ ಬ್ಯಾರೆ, ಶಾಯಿ ಬ್ಯಾರೆ, ಬರದದ್ದು ಒಂದ:
ಕೂಡ್ರಾಕ ಜಾಗಾ ಇಲ್ಲ.
ಸಾಲು ಮುಗಿಯೂದ್ರಾಗ ಗೇಟಿನಿಂದ ಕೂಗು ಬರತೈತಿ.
ಸಿಟ್ಟಿಗೂ ಒಂದು ಬೋರ್ಡಿಂಗ್ ಟೈಮ್ ಐತಿ.
ಪೆನ್ನು ಬಿಟ್ಟು ಓಡತಾರ; ಮತ್ತ ಬರೂದು ದೀಪಾವಳಿಗೆ,
ಅಷ್ಟೊತ್ತಿಗೆ ಮರತಿರತಾರ.
ನಾ ಮರತಿರೂದಿಲ್ಲ. ನನ್ನ ಕೇಳವರಿಲ್ಲ.

ಅವತ್ತು ಫಕೀರವ್ವ ಬಂದಳು,
ಹಿರೇಬಾಗೇವಾಡಿ ಸಾಲ್ಯಾಗ ಬಿಸಿಯೂಟದಾಕಿ,
ಮೊದಲನೇ ಸರ್ತಿ ವಿಮಾನ, ತಮ್ಮನ ಮಗನ ಕಾರ್ಡು.
ಬಾಗಲದಾಗ ನಿಂತು ಒಳಗ ನೋಡಿ ಕೇಳಿದಳು:
ಯವ್ವಾ, ಇಷ್ಟ ಮಂದಿಗೆ ಹೇಳಿ ಕಳಿಸಿದವರ್ಯಾರು?

ಉತ್ತರ ಗೊತ್ತಿತ್ತು. ಉದ್ದ ಇತ್ತು.
ಹೇಳಿ ಕಳಿಸಿದಾಂವ ಬ್ಯಾಂಕಿನಾಂವ, ದೂರದ ಊರಾಗ ಕುಂತು
ಲಗ್ನದ ಕಾರ್ಡಿನಂಗ ಹಂಚತಾನ, ಹಂದರ ಎಷ್ಟುದ್ದಂತ ನೋಡಿಲ್ಲ.
ಬಡಸಾಂವ ನಮ್ಮ ಕಾಂಟ್ರ್ಯಾಕ್ಟದಾರ; ತಲಿಗಿಷ್ಟಂತ ಬರತೈತಿ ಅವಗ,
ಕುಂತ ತಲಿಗೆಷ್ಟೋ ನಿಂತ ತಲಿಗೂ ಅಷ್ಟ.
ಜಾಗಾ ಕೊಟ್ಟಾಂವ ಚದರಡಿ ಎಣಸತಾನ, ತಲಿ ಎಣಸೂದಿಲ್ಲ.
ಗ್ವಾಡಿ ಸರಸೂ ಕಾಗದ ದಿಲ್ಲಿಗೆ ಹೋಗಿತ್ತು,
ಹೊಸಾದು ಕಟ್ಟಿದಮ್ಯಾಲೆ ನೋಡೂಣಂತ ಸಹಿ ಹೊತಗೊಂಡು ಬಂತು.
ಉಣ್ಣಾಂವ ರೊಕ್ಕಾ ಕೊಡೂದಿಲ್ಲ,
ರೊಕ್ಕಾ ಕೊಡಾಂವ ಉಣ್ಣಾಕ ಬರೂದಿಲ್ಲ,
ನಡಬರಕ ನಾನು, ಈ ಮಷೀನು.

ಅಂದ್ರ ಯಜಮಾನ ಇಲ್ಲದ ಲಗ್ನ, ಅಂದಳು
ಸೆರಗು ಸೊಂಟಕ್ಕ ಸಿಗಸಿಕೋತ.

ಮುನ್ನೂರು ಹುಡುಗರಿಗೆ ಬಡಿಸಿದ ದನಿ ಅದು.
ಪಂಗ್ತಿ ಮಾಡ್ರೀ! ಹೈದರಾಬಾದದವರು ಮೊದಲ,
ಬೆಂಗಳೂರವರು ಎರಡನೇ ಪಂಗ್ತಿ, ಹೊರಗಿರ್ರಿ.
ಹುಂಡೇಕಾರ್ ಸಾಹೇಬರ ಮುಂದ ನಿಂತು, ಮೆತ್ತಗ:
ಉಂಡಮ್ಯಾಲೆ ಎಲಿ ಮುಂದ ಕೂತ್ರ ದಾರಿದ್ರ್ಯಪಾ, ಏಳು.
ಎದ್ದರು! ಕೋಟೂ ಎದ್ದಿತು, ಕಬ್ಬಿಣನೂ ಎದ್ದಿತು.
ನಿದ್ದಿಗಣ್ಣಿನ ಸಿಪಾಯಿಗೆ ಕುರ್ಚಿ.
ಒಂದು ಕಡಿಮಿ ಬಿತ್ತಂತ ನನ್ನ ಸ್ಟೂಲು ಎತಗೊಂಡು ಒಳಗ ಹೋದಳು.
ಒಂದು ತಾಸು, ಬರೇ ಒಂದು ತಾಸು,
ಚಮಚೆ ತಾಟಿಗೆ ತಾಗೂ ಸಪ್ಪಳ ಕೇಳಿದೆ ನಾನು ಇಲ್ಲಿ ತನಕ.

ಹೊರಗಿದ್ದವರಾಗ ಹದಿಮೂರು ಮಂದಿ
ಕ್ಯಾಂಟೀನಿನ ಚಾ ಕುಡದು ಹಂಗ ವಿಮಾನ ಹತ್ತಿದರು.
ರಾತ್ರಿ ಫೋನು: ಹದಿಮೂರು ತಲಿ ಕಡಿಮಿ ಯಾಕ?
ನಾ ಏನ್ ಹೇಳಲಿ. ಮಳಿ, ಅಂದೆ.

ಮರುದಿವಸ ಅರವತ್ನಾಕು.
ಬ್ಯಾರೆ ಬ್ಯಾಗು, ಬ್ಯಾರೆ ಕೋಟು, ಅವವ ಕುರ್ಚಿ ಮ್ಯಾಲೆ.
ಫಕೀರವ್ವ ಹೈದರಾಬಾದದಾಗ ಕೂಸಿಗೆ ಹೆಸರಿಡಾಕತ್ತಿರಬೇಕು.

ಸ್ಟೂಲು ಹೊಳ್ಳಿ ಬಂದಿಲ್ಲ, ನಾನೂ ಕೇಳಿಲ್ಲ.
ಆರು ಗಂಟೆ ನಿಂತು, ನಗಕೋತ, ಕಾರ್ಡು ತಿಕ್ಕತೀನಿ.
ನಾಕು ವರ್ಷದಾಗ ಆದ ಸುಧಾರಣಾ ಇದೊಂದ ನೋಡ್ರಿ:
ಈಗ ಒಳಗ ಇಪ್ಪತ್ತೊಂಬತ್ತು.