ಬಾಗಿಲ ಹಿಂದೆ ಕಾಳಾಚಾರಿ

ಮಂಡಿಪೇಟೆಯಲ್ಲಿ ಕೆಡವಿದ ಮನೆಯದು ಆ ಬಾಗಿಲು.
ಎಂಟುನೂರು ರೂಪಾಯಿ, ಚೌಕಟ್ಟು ಸಮೇತ.
ಲಗೇಜ್ ಆಟೋದಲ್ಲಿ ಮಲಗಿಸಿ ತಂದೆವು.
ದಾರಿಯುದ್ದಕ್ಕೂ ಅದರ ಚಿಲಕ ಹಿಡಿದು ಕೂತಿದ್ದೆ,
ಆಸ್ಪತ್ರೆಗೆ ಒಯ್ಯುವವರ ಕೈ ಹಿಡಿದ ಹಾಗೆ.

ಹಳೇ ಹತ್ತಿ ಗೋದಾಮು ನಮ್ಮ ರಂಗಮಂದಿರ.
ಕುರ್ಚಿ ನೂರಾ ಹತ್ತು, ಅದರಲ್ಲಿ ಅರವತ್ತು ಛತ್ರದ ಬಾಡಿಗೆಯವು.
ತೊಲೆಯ ಸಂದಿಯಲ್ಲಿ ಇನ್ನೂ ಅರಳೆ ಸಿಕ್ಕಿಕೊಂಡಿದೆ.
ದೀಪ ಕಾದಾಗ ಒಂದೆಳೆ ಕೆಳಗಿಳಿಯುತ್ತದೆ,
ನಡೆಯುತ್ತಿರುವ ದೃಶ್ಯಕ್ಕೆ ಸಂಬಂಧವೇ ಇಲ್ಲದೆ.

ಕಾಳಾಚಾರಿ ಬಂದ. ಕಿವಿಯಿಂದ ಪೆನ್ಸಿಲ್ ತೆಗೆದ.
ಗೋಡೆಯಿಲ್ಲದೆ ನಿಂತ ಬಾಗಿಲಿಗೆ ಒಂದು ಸುತ್ತು ಹಾಕಿ,
‘ಇದಕ್ಕೆ ಒಳಗು ಯಾವ ಕಡಿಗ್ರಿ?’ ಅಂದ.

ಹಾಲೇಶ ನಾಗವೇಣಿ ಟೀಚರ ಮುಖ ನೋಡಿದ.
ಟೀಚರು ತಾವೇ ಬರೆದ ನೋಟುಬುಕ್ಕು ತಿರುವಿದರು.
‘ಅವಳು ಬಾಗಿಲು ತೆರೆಯುತ್ತಾಳೆ. ಕತ್ತಲು.’
ಅಷ್ಟೇ ಇತ್ತು.
ಎಳೆದೋ, ನೂಕಿಯೋ?

‘ಎಳದ್ರೆ ಆ ಹೆಣ್ಮಗಳು ಹಿಂದಕ್ಕೆ ಸರೀಬೇಕು.
ನೂಕಿದ್ರೆ ಅರ್ಧ ಹೊರಗೇ ಹೋದಂಗೆ.
ಬಿಜಾಗ್ರಿ ಎಲ್ಲಿ ಬಡೀಲಿ ಹೇಳ್ರಿ,
ನಂಗೆ ಕಾಯಿಪೇಟ್ಯಾಗೆ ಇನ್ನೊಂದು ಕೆಲಸ ಐತಿ.’

ಆ ರಾತ್ರಿ ತಾಲೀಮು ನಡೆಯಲಿಲ್ಲ, ಜಗಳ ನಡೆಯಿತು.
ಬೆಳಿಗ್ಗೆ ಟೀಚರು ಶಾಲೆಗೆ ಹೋಗುವ ಮುಂಚೆ
ಸ್ಕೂಟಿ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ಹೇಳಿದರು:
‘ನೂಕಲಿ.’

ಆದರೆ ನೆಲ ಕಡಪಾ ಕಲ್ಲು, ಮೊಳೆ ಒಲ್ಲದು.
ಮರಳಿನ ಚೀಲ ಒರಗಿಸಿದರೂ ಚೌಕಟ್ಟು ತೂಗಾಡಿತು.
ಕೊನೆಗೆ ಆಚಾರಿಯೇ ಕರಿ ಕಂಬಳಿ ಹೊದ್ದು
ಬಾಗಿಲ ಹಿಂದೆ ಕೂತ, ಭುಜ ಕೊಟ್ಟು,
ಒಂದೂ ಮುಕ್ಕಾಲು ಗಂಟೆ,
ನಾಟಕದ ಕಡೆಗೆ ಬೆನ್ನು ಹಾಕಿ.

ನಾನು ಎಡಪರದೆಯ ಸಂದಿಯಲ್ಲಿ, ಮಾತು ಮರೆತವರಿಗೆ ಮಾತು ಕೊಡುವವನು.
ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದೆ.
ಒಳಗೆ ನರ್ಗಿಸ್ ಮಂಡಕ್ಕಿ ನಿಷಿದ್ಧ,
ಕರುಂ ಕುರುಂ ಮೂರನೇ ಸಾಲಿಗೆ ಕೇಳಿಸುತ್ತದಂತೆ.
ಒಗ್ಗರಣೆಯದು ತಿನ್ನಬಹುದು, ಅದಕ್ಕೆ ಸದ್ದಿಲ್ಲ.
ಒಂಬತ್ತೂ ಹತ್ತಕ್ಕೆ ಗೂಡ್ಸ್ ಗಾಡಿ ಹಾಯುವಾಗ
ಎಲ್ಲರೂ ನಿಂತಲ್ಲೇ ನಿಲ್ಲಬೇಕು.
ಮೊದಲ ದಿನ ನೋಡಿದವರು ಅದನ್ನೇ ಹೊಗಳಿದರು:
‘ಆ ಮೌನ ಇದೆಯಲ್ಲಾ!’

ಕೊನೆಯ ದೃಶ್ಯ. ದಿಲ್‌ಶಾದ್ ಒಬ್ಬಳೇ.
ಮಧ್ಯಾಹ್ನದವರೆಗೆ ವಾರ್ಡಿನಲ್ಲಿ ಸಲೈನ್ ಏರಿಸಿ ಬಂದ ಕೈ
ಬಾಗಿಲ ಮೇಲೆ.
ಗೇಣಗಲ ತೆರೆಯುತ್ತದೆ. ಕತ್ತಲು.

ಆಟ ಮುಗಿದ ಮೇಲೆ ಆಚಾರಿ
ಬೀಡಿ ಹಚ್ಚುತ್ತಾ ನನಗೆ ಮಾತ್ರ ಹೇಳುತ್ತಿದ್ದ:
‘ಇವತ್ತು ಬರೇ ಬೆರಳು ಇಟ್ಟಿದ್ಲು.
ಕತ್ಲಾದ ಕೂಡ್ಲೇ ತಕ್ಕೊಂಡ್ಲು.’
ಮರುದಿನ: ‘ಅಂಗೈ ಪೂರಾ. ಬೆವತಿತ್ತು.
ಕಟ್ಟಿಗೀಗೆ ಗೊತ್ತಾಕ್ಕತಿ.’

ಮೂರನೆಯ ದಿನ ಕತ್ತಲಾಯಿತು, ಚಪ್ಪಾಳೆ ಬಿತ್ತು,
ದೀಪ ಬಂತು. ನಾಲ್ವರು ಸಾಲಾಗಿ ನಿಂತು ಕೈಮುಗಿದರು.
ಐದನೆಯವಳ ಜಾಗ ಖಾಲಿ.
ಹಾಲೇಶ ನನ್ನತ್ತ ಕಣ್ಣು ಬಿಟ್ಟ.
ಪುಸ್ತಕ ನೋಡಿದೆ. ಅಲ್ಲಿ ಕೊಡುವಂಥ ಮಾತೇ ಇರಲಿಲ್ಲ.

ಹಿಂದಕ್ಕೆ ಓಡಿದೆ.
‘ನನ್ನ ಹಾಯ್ದೇ ಹೋದ್ಲು,’ ಅಂದ ಆಚಾರಿ,
‘ಸೆರಗು ಮುಖಕ್ಕೆ ಬಡೀತು. ಎಲ್ಲಿಗೆ ಅಂತ ಕೇಳೋಣ ಅಂದ್ರೆ
ಬಾಗಿಲು ಬಿಡೋಹಂಗಿಲ್ಲ ನಾನು.’

ಗೋದಾಮಿನ ಹಿಂದಿನ ನಲ್ಲಿಯ ಕಟ್ಟೆ ಮೇಲೆ
ಬಣ್ಣ ಹಚ್ಚಿದ ಮುಖದಲ್ಲೇ ಕೂತಿದ್ದಳು ಆಕೆ.
ಮಡಿಲಲ್ಲಿ ಪೇಪರ್ ಪೊಟ್ಟಣ.
ಕರುಂ ಕುರುಂ.
ಒಳಗೆ ಇನ್ನೂ ಚಪ್ಪಾಳೆ.
‘ತಗೋ,’ ಅಂದಳು, ಸರಿದು ಜಾಗ ಕೊಟ್ಟಳು.

ಕೂತೆ.
ಆಚಾರಿಗೆ ಬಿಡು ಅನ್ನಲು
ನಮಗಿಬ್ಬರಿಗೂ ನೆನಪಾದದ್ದು
ಪೊಟ್ಟಣ ಖಾಲಿಯಾದ ಮೇಲೆ.